ಸೆಗೆಡ್‌ ಕೂಡ ಹಂಗೇರಿಯಲ್ಲೇ ಇದೆ

ಮಾನ್ಯ ಸಂಪಾದಕರೇ,

ಹಂಗೇರಿ ಎಂದೊಡನೆ ಪ್ರವಾಸ ಲೇಖನಗಳು ಬುಡಾಪೆಸ್ಟ್ ದಾಟುವುದಿಲ್ಲ. ಅಲ್ಲಿಂದ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ ದಕ್ಷಿಣಕ್ಕೆ ಹೋದರೆ ಟಿಸಾ ನದಿಯ ದಂಡೆಯ ಸೆಗೆಡ್ ಸಿಗುತ್ತದೆ. 'ಬಿಸಿಲಿನ ನಗರ' ಎಂಬುದು ಅದರ ಅಡ್ಡಹೆಸರು. ನಾನಿದ್ದ ಮೂರು ದಿನವೂ ಬಿಸಿಲು ಆ ಮಾತನ್ನು ಉಳಿಸಿಕೊಂಡಿತು.

ನಾನು ನಿವೃತ್ತ ನೀರಾವರಿ ಎಂಜಿನಿಯರ್. ಹಾಗಾಗಿ ಮೊದಲು ನೋಡಿದ್ದು ಚರ್ಚನ್ನಲ್ಲ, ನದಿಯ ತಡೆಗೋಡೆಯನ್ನು! 1879ರ ಮಾರ್ಚ್‌ನಲ್ಲಿ ಟಿಸಾ ಉಕ್ಕಿ ಊರನ್ನೇ ನುಂಗಿತು. ಸಾವಿರಾರು ಮನೆಗಳಲ್ಲಿ ಉಳಿದದ್ದು ಕೆಲವು ನೂರು ಮಾತ್ರ. ಮರುನಿರ್ಮಾಣಕ್ಕೆ ನೆರವಾದ ಲಂಡನ್, ಪ್ಯಾರಿಸ್, ವಿಯೆನ್ನಾ, ರೋಮ್ ನಗರಗಳ ಹೆಸರನ್ನು ವರ್ತುಲ ರಸ್ತೆಯ ಭಾಗಗಳಿಗೆ ಇಟ್ಟಿದ್ದಾರೆ. ಸಾಲ ತೀರಿಸುವ ಈ ಬಗೆ ನನಗೆ ಬಹಳ ಹಿಡಿಸಿತು.

1907ರ ರಿಯೋಕ್ ಅರಮನೆಯ ಗೋಡೆಗಳ ಮೇಲೆ ನೀಲಿ ನೈದಿಲೆಗಳು ಬಳ್ಳಿಯಂತೆ ಹಬ್ಬಿವೆ. ಮುಳುಗಿದ ಊರಿಗೆ ನೀರಿನ ಹೂವೇ ಅಲಂಕಾರ. ಕತ್ತು ನೋಯುವಷ್ಟು ಹೊತ್ತು ನೋಡಿದೆ. ಮಹಾಪೂರದ ನಂತರದ ಹರಕೆಯ ಚರ್ಚು ದೊಡ್ಡದು, ಆದರೆ ನನ್ನನ್ನು ಅಷ್ಟು ಕರೆಯಲಿಲ್ಲ.

ಊಟವೆಂದರೆ ಹಲಾಸ್‌ಲೇ, ಕೆಂಪು ಮೀನಿನ ಸಾರು. ಸಣ್ಣ ಮೀನು, ಈರುಳ್ಳಿ ಬೇಯಿಸಿ ಸೋಸಿ, ಪಾಪ್ರಿಕಾ ಎಂಬ ಕೆಂಪು ಮೆಣಸಿನ ಪುಡಿ ಬೆರೆಸಿ, ಆಮೇಲೆ ಕಾರ್ಪ್ ಮೀನಿನ ತುಂಡು ಹಾಕುತ್ತಾರೆ. ಜೊತೆಗೆ ಬಿಳಿ ಬ್ರೆಡ್. ಖಾರ ಕಡಿಮೆಯಿರಬಹುದೆಂದು ಧೈರ್ಯದಿಂದ ಹಸಿಮೆಣಸು ಕಚ್ಚಿದೆ, ಕಣ್ಣೀರು ಬಂತು. ಅದೇ ಊರಿನ ಪಾಪ್ರಿಕಾದಿಂದಲೇ ವಿಜ್ಞಾನಿ ಆಲ್ಬರ್ಟ್ ಸೆಂಟ್‌-ಜ್ಯೋರ್ಜಿ ವಿಟಮಿನ್ 'ಸಿ' ಬೇರ್ಪಡಿಸಿ, 1937ರಲ್ಲಿ ನೊಬೆಲ್ ಪಡೆದರು. ನಿಮ್ಮ ಪ್ರವಾಸ ಪುಟದಲ್ಲಿ ಈ ಊರಿಗೂ ಒಂದು ಅಂಕಣ ಕೊಡಿ.

– ಒಬ್ಬ ಹಳೆಯ ಓದುಗ