ರಾಯಲ್ಟಿ ಕೇಳುವವರು ಪರವಾನಗಿ ಕೇಳುವುದಿಲ್ಲ

ಮಾನ್ಯ ಸಂಪಾದಕರೇ,

ದಾವಣಗೆರೆ ಸುತ್ತಮುತ್ತಲಿನ ಮದುವೆ, ನಾಮಕರಣ, ಗೃಹಪ್ರವೇಶಗಳಿಗೆ ಹೋಗಿ ಸ್ಥಳದಲ್ಲೇ ಸಿಹಿ ಮಾಡಿಕೊಡುವ ಸಣ್ಣ ವ್ಯಾಪಾರ ನನ್ನದು. ಊಟದ ಗುತ್ತಿಗೆ ಅಡುಗೆಯವರದು. ಎಲೆ ಬಿಟ್ಟು ಎದ್ದು ಬಂದವರಿಗೆ ಬಿಸಿ ಜಿಲೇಬಿ, ರಬ್ಡಿ, ಮಟ್ಕಾ ಕುಲ್ಫಿ, ಹಿರಿಯರು ಬಯಸಿದರೆ ಹಂಚಿನಿಂದ ನೇರವಾಗಿ ತಟ್ಟೆಗೆ ಬೀಳುವ ಹೋಳಿಗೆ ಕೊಡುವುದು ನನ್ನ ಪಾಲು. ಟಾಟಾ ಏಸ್ ಗಾಡಿಯಲ್ಲಿ ಒಲೆ, ಬಾಣಲೆ, ಮಂಜುಗಡ್ಡೆಯ ಪೀಪಾಯಿ, ಮೂವರು ಸಹಾಯಕರು. ಇಷ್ಟೇ ನನ್ನ ಅಂಗಡಿ.

ಈ ವ್ಯಾಪಾರಕ್ಕೆ ಇಳಿಯಬೇಕೆಂದಿರುವ ಹೆಣ್ಣುಮಕ್ಕಳು ಆಗಾಗ ಫೋನ್ ಮಾಡಿ ಬಂಡವಾಳ ಎಷ್ಟು ಬೇಕು ಎಂದು ಕೇಳುತ್ತಾರೆ. ಗಾಡಿ, ಪಾತ್ರೆಗಳ ಲೆಕ್ಕ ಹೇಳುವುದು ಸುಲಭ. ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಧನುರ್ಮಾಸದಲ್ಲಿ ಗಾಡಿ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ ಎಂದೂ ಹೇಳುತ್ತೇನೆ. ಹೇಳಲು ಬಾಯಿ ಬಾರದ ಲೆಕ್ಕ ಒಂದಿದೆ. ಅದು ಕಲ್ಯಾಣ ಮಂಟಪದ ಹಿಂಬಾಗಿಲಿನದು.

ಮದುವೆ ಮನೆಯವರು ಮಂಟಪಕ್ಕೆ ಬಾಡಿಗೆ ಕಟ್ಟಿರುತ್ತಾರೆ, ವಿದ್ಯುತ್ತಿಗೆ, ಸ್ವಚ್ಛತೆಗೆ ಬೇರೆ ಕಟ್ಟಿರುತ್ತಾರೆ. ನಾನು ಸಾಮಾನು ಇಳಿಸುವ ಹೊತ್ತಿಗೆ ವ್ಯವಸ್ಥಾಪಕರು ಬಂದು 'ಹೊರಗಿನವರು ಕೌಂಟರ್ ಹಾಕಿದರೆ ರಾಯಲ್ಟಿ ಇದೆ' ಎನ್ನುತ್ತಾರೆ. ಬುಕಿಂಗ್ ರಸೀದಿಯಲ್ಲಿ ಆ ಮಾತಿರುವುದಿಲ್ಲ. ಇತ್ತೀಚೆಗೆ ಒಂದು ಆರತಕ್ಷತೆಗೆ ತಟ್ಟೆಗೆ 60 ರೂಪಾಯಿಯಂತೆ 300 ತಟ್ಟೆ ಒಪ್ಪಿಕೊಂಡಿದ್ದೆ. ಬಾಗಿಲಲ್ಲೇ 4,000 ರೂಪಾಯಿ ಕೇಳಿದರು. ಹಾಲು, ತುಪ್ಪ, ಗ್ಯಾಸ್, ಕೂಲಿ, ಡೀಸೆಲ್ ಕಳೆದು ಉಳಿಯುವುದರಲ್ಲಿ ಹೆಚ್ಚುಕಡಿಮೆ ಅರ್ಧ ಅಲ್ಲಿಗೇ ಹೋಯಿತು. 40 ಲೀಟರ್ ಹಾಲನ್ನು ಬೆಳಿಗ್ಗೆಯಿಂದ ಅರ್ಧಕ್ಕೂ ಕಡಿಮೆಯಾಗುವಂತೆ ಕುದಿಸಿ, ಏಲಕ್ಕಿ ಹಾಕಿ, ಅಚ್ಚಿಗೆ ತುಂಬಿ ತಂದಿರುವವಳು ಬಾಗಿಲಲ್ಲಿ ಜಗಳ ಕಾಯಲು ಆಗುತ್ತದೆಯೇ? ಕುಲ್ಫಿ ಕರಗುತ್ತದೆ. ಅದು ಅವರಿಗೂ ಗೊತ್ತು.

ಜಾಗ ಬಳಸುತ್ತೇನೆ, ಅದಕ್ಕೆ ಶುಲ್ಕ ಇರಲಿ ಎಂದೇ ಇಟ್ಟುಕೊಳ್ಳೋಣ. ನನ್ನ ತಕರಾರು ಬೇರೆ. ಹಣ ಎಣಿಸಿಕೊಳ್ಳುವ ಆ ಕೈ ಒಮ್ಮೆಯಾದರೂ ನನ್ನ ಆಹಾರ ಸುರಕ್ಷತಾ ಪರವಾನಗಿಯನ್ನು ಕೇಳಿಲ್ಲ. 14 ಅಂಕಿಗಳ ಆ ಸಂಖ್ಯೆಯನ್ನು ಗಾಡಿಯ ಮೇಲೆ ದೊಡ್ಡದಾಗಿ ಬರೆಸಿದ್ದೇನೆ. ಓದಿದವರನ್ನು ಇನ್ನೂ ಕಂಡಿಲ್ಲ.

ಇದು ಸಣ್ಣ ವಿಷಯವಲ್ಲ. 2024ರಲ್ಲಿ ನಮ್ಮ ಊರಿನ ವಸ್ತುಪ್ರದರ್ಶನದಲ್ಲೇ ಬಾಲಕನೊಬ್ಬ 'ಹೊಗೆ ಬಿಸ್ಕತ್ತು' ತಿಂದು ನರಳಿದ ದೃಶ್ಯವನ್ನು ಎಲ್ಲರೂ ಮೊಬೈಲಿನಲ್ಲಿ ನೋಡಿದರು. ಬೆಂಗಳೂರಿನ ಮದುವೆಯೊಂದರಲ್ಲಿ ಹೊಗೆಯಾಡುವ ಬೀಡ ತಿಂದ 12 ವರ್ಷದ ಬಾಲಕಿಯ ಹೊಟ್ಟೆಯಲ್ಲಿ ರಂಧ್ರವಾಗಿ ಶಸ್ತ್ರಚಿಕಿತ್ಸೆಯೇ ಬೇಕಾಯಿತು. ಈ ಹೊಗೆ ಬರಿಸಲು ಹಾಕುವ, ಮೈನಸ್ 196 ಡಿಗ್ರಿಯಲ್ಲಿ ಕುದಿಯುವ ದ್ರವ ಸಾರಜನಕ ಪೂರ್ತಿ ಆವಿಯಾಗದೆ ಹೊಟ್ಟೆ ಸೇರಿದರೆ ಅಲ್ಲಿ ನೂರಾರು ಪಟ್ಟು ಹಿಗ್ಗುತ್ತದೆ. ಅದೇ ವರ್ಷ ಮೇ ತಿಂಗಳಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಇಂಥ ತಿನಿಸುಗಳಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ಬಾಂಬೆ ಮಿಠಾಯಿಗೆ ಹಾಕುತ್ತಿದ್ದ ರೋಡಮೈನ್-ಬಿ ಬಣ್ಣಕ್ಕೆ ಮಾರ್ಚಿನಲ್ಲೇ ನಿಷೇಧ ಬಿದ್ದಿತ್ತು. ಆದರೂ ಇಂದಿಗೂ ವರನ ಕಡೆಯ ಹುಡುಗರು 'ಅಕ್ಕಾ, ಹೊಗೆ ಬರುವುದು ಇಲ್ಲವೇ? ಫೋಟೊಗೆ ಚೆನ್ನಾಗಿರುತ್ತದೆ' ಎಂದು ಕೇಳುತ್ತಾರೆ. ಇಲ್ಲ ಎಂದರೆ ನಾನು ಹಳೆಯ ಕಾಲದವಳು. ಇದೆ ಎನ್ನುವವರು ಬಂದರೆ, ರಾಯಲ್ಟಿ ಕೊಟ್ಟು ಅವರೂ ಅದೇ ಬಾಗಿಲಿನಿಂದ ಒಳಗೆ ಹೋಗುತ್ತಾರೆ.

ಹಣ ಪಡೆದ ಮೇಲೆ ಸಿಗುವ ಸೌಲಭ್ಯವನ್ನೂ ಹೇಳಬೇಕು. ಸಾಮಾನ್ಯವಾಗಿ ಚಪ್ಪಲಿ ಬಿಡುವ ಜಾಗದ ಪಕ್ಕ ಒಂದು ಮೇಜು. ಜನರೇಟರ್‌ಗೆ ಬದಲಾಗುವಾಗ ಫ್ರೀಜರ್ ಕೈಕೊಡುವುದರಿಂದ ನಾನು ಮಂಜುಗಡ್ಡೆಗೆ ಕಲ್ಲುಪ್ಪು ಬೆರೆಸಿಯೇ ಕುಲ್ಫಿ ಗಟ್ಟಿ ಇಡುತ್ತೇನೆ. ಉಪ್ಪುನೀರು ನೆಲದ ಗ್ರಾನೈಟ್ ಕೆಡಿಸುತ್ತದೆ ಎಂಬ ಅವರ ದೂರು ನ್ಯಾಯವೇ. ಅದಕ್ಕೆ ಅಗಲವಾದ ತೊಟ್ಟಿಯನ್ನು ನಾನೇ ತರುತ್ತೇನೆ. ಕೈ ತೊಳೆಯಲು ಒಂದು ನಲ್ಲಿ ತೋರಿಸಿ ಎಂದರೆ ಮಾತ್ರ ಅಡುಗೆಮನೆ ಗುತ್ತಿಗೆದಾರರದು ಎಂಬ ಉತ್ತರ ಬರುತ್ತದೆ.

ಮಂಟಪಗಳಿಗೆ ಪರವಾನಗಿ ಕೊಡುವ ಮಹಾನಗರ ಪಾಲಿಕೆ ಎರಡು ಷರತ್ತು ಹಾಕಲಿ. ಹೊರಗಿನ ಕೌಂಟರಿಗೆ ಶುಲ್ಕವಿದ್ದರೆ ಅದನ್ನು ಬುಕಿಂಗ್ ರಸೀದಿಯಲ್ಲೇ ಮುದ್ರಿಸಬೇಕು. ಆಗ ಮದುವೆ ಮನೆಯವರೊಂದಿಗೆ ಮೊದಲೇ ಮಾತನಾಡಿಕೊಳ್ಳುತ್ತೇವೆ. ಒಳಗೆ ಬರುವ ಪ್ರತಿ ಆಹಾರ ಮಾರಾಟಗಾರರ ಪರವಾನಗಿ ಸಂಖ್ಯೆಯನ್ನು ಬಾಗಿಲಿನ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ವಾಹನದ ಸಂಖ್ಯೆಯನ್ನು ಈಗಾಗಲೇ ಬರೆದುಕೊಳ್ಳುತ್ತಾರೆ, ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದರಾಯಿತು.

ದಯವಿಟ್ಟು ನನ್ನ ಹೆಸರು ಪ್ರಕಟಿಸಬೇಡಿ. ಮುಂದಿನ ಲಗ್ನಗಳಿಗೆ ಇದೇ ಮಂಟಪಗಳಲ್ಲಿ ಮುಂಗಡ ಪಡೆದಿದ್ದೇನೆ.

— ಸಿಹಿ ಕೌಂಟರ್ ನಡೆಸುವ ಮಹಿಳೆ, ವಿದ್ಯಾನಗರ, ದಾವಣಗೆರೆ