ಹೊಗೆ ಬರ್ತಿದೆ ಅಂದಿದ್ದೆ ನೀನು

ಪುಟ್ಟೀ,

ಅಪ್ಪನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ. ನೀನು ಬಿಳಿಗಿರಿರಂಗನ ಬೆಟ್ಟ ತಲುಪಿದ್ದು ಅಮ್ಮನ ಫೋನಿಗೆ ಬಂದ ಮೆಸೇಜಿನಿಂದ ಗೊತ್ತಾಯಿತು. ನನ್ನ ಫೋನಿಗೆ ಬರಲಿಲ್ಲ. ನಾನು ಕಾಯಲೂ ಇಲ್ಲ ಅಂತ ಬರೆದರೆ ಸುಳ್ಳಾಗುತ್ತದೆ.

ಭಾನುವಾರದ್ದನ್ನು ಪೂರ್ತಿ ಬರೆಯುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು. ಒಂದು ಮಾತ್ರ ನಿನಗೆ ಗೊತ್ತಿಲ್ಲ. ನೀನು ಕೆರೆ ಏರಿ ಮೇಲಿನ ಆ ಹೆಜ್ಜೆಯ ಫೋಟೋ ತೋರಿಸಿ ಚಿರತೆ ಅಂದಾಗ ನನ್ನ ಕನ್ನಡಕ ಒಳಗೆ ಟಿವಿ ಮೇಲಿತ್ತು. ಕನ್ನಡಕ ಇಲ್ಲದೆಯೇ "ಚಿರತೆಯೂ ಅಲ್ಲ ಮಣ್ಣೂ ಅಲ್ಲ, ಬೀದಿನಾಯಿ ಇದು. ಇವಳು ಹುಲಿ ಎಣಿಸೋಕೆ ಹೊರಟಿದ್ದಾಳೆ" ಅಂದೆ. ಮಾವ ನಕ್ಕರು, ಅತ್ತೆ ನಕ್ಕರು. ನೀನು ತಟ್ಟೆ ಬಿಟ್ಟು ಎದ್ದೆ. ಬೆಳಿಗ್ಗೆ ಐದೂವರೆ ಬಸ್ಸಿಗೆ ಹೋಗುವಾಗ ನಾನು ಎಚ್ಚರವಾಗಿಯೇ ಇದ್ದೆ. ಗೋಡೆ ಕಡೆ ತಿರುಗಿ ಮಲಗಿದ್ದೆ.

ನೀನು ಹೋದ ಮೇಲೆ ಕನ್ನಡಕ ಹಾಕಿಕೊಂಡು, ಅಳತೆ ಪಟ್ಟಿ ಜೇಬಿಗಿಟ್ಟುಕೊಂಡು ಕೆರೆ ಏರಿಗೆ ಹೋದೆ. ಅಷ್ಟರಲ್ಲಿ ಹಾಲಿನ ಗಾಡಿ ಆ ಹೆಜ್ಜೆಯ ಮೇಲೇ ಹಾದುಹೋಗಿತ್ತು. ಉಳಿದದ್ದು ಎರಡು ಬೆರಳು, ಅರ್ಧ ಅಂಗಾಲು. ಹಾಗಾಗಿ ಗಟ್ಟಿಯಾಗಿ ಹೇಳಲಾರೆ. ನಾಯಿಯೇ ಇರಬೇಕು ಅಂತ ಈಗಲೂ ಅನ್ನಿಸುತ್ತದೆ. ಆದರೆ ನೀನು ಯಾಕೆ ಚಿರತೆ ಅಂದೆ ಅನ್ನುವುದು ಅಲ್ಲಿ ಕುಕ್ಕರುಗಾಲಲ್ಲಿ ಕೂತಾಗ ಹೊಳೆಯಿತು. ಉಗುರು ಕಾಣಲಿಲ್ಲ, ಅಲ್ವಾ?

ಬೆಕ್ಕಿನ ಜಾತಿ ನಡೆಯುವಾಗ ಉಗುರು ಒಳಗೆಳೆದುಕೊಳ್ಳುತ್ತದೆ, ನಾಯಿ ಜಾತಿಯ ಉಗುರು ನೆಲಕ್ಕೆ ತಾಗುತ್ತದೆ ಅಂತ ಹೇಳಿಕೊಟ್ಟವನು ನಾನೇ. ಉಳಿದರ್ಧ ಹೇಳಿಕೊಡಲಿಲ್ಲ. ಏರಿಯ ಮಣ್ಣು ಗಟ್ಟಿ. ಗಟ್ಟಿ ನೆಲದಲ್ಲಿ ನಾಯಿಯ ಉಗುರೂ ಎಷ್ಟೋ ಸಲ ಮೂಡುವುದಿಲ್ಲ. ಜಾರುವ ಕೆಸರಿನಲ್ಲಿ ಹುಲಿಯೂ ಉಗುರು ಊರುತ್ತದೆ. ಅದಕ್ಕೇ ಅಂಗಾಲಿನ ಹಿಂಬದಿ ನೋಡಬೇಕು. ಬೆಕ್ಕಿನ ಜಾತಿಗೆ ಅಲ್ಲಿ ಮೂರು ಉಬ್ಬು ಇರುತ್ತದೆ, ಅಂಗಾಲೂ ದೊಡ್ಡದು. ನಾಯಿಯದು ಸಣ್ಣ ತ್ರಿಕೋನ. ಬೆರಳು ಮತ್ತು ಅಂಗಾಲಿನ ಸಂದಿಯಲ್ಲಿ ಕಡ್ಡಿಯಿಂದ ಒಂದು ಇಂಟು ಗುರುತು ಎಳೆದು ನೋಡು. ನಾಯಿಯದಾದರೆ ಗೆರೆ ಎಲ್ಲಿಗೂ ತಾಗದೆ ಹಾದುಹೋಗುತ್ತದೆ. ಬೆಕ್ಕಿನದಾದರೆ ಅಂಗಾಲಿಗೆ ಅಡ್ಡ ಬೀಳುತ್ತದೆ. ಭಾನುವಾರ ಇದನ್ನು ಹೇಳಿದ್ದರೆ ಐದು ನಿಮಿಷದ ಕೆಲಸ. ನಗುವುದಕ್ಕೆ ಅಷ್ಟೂ ಹೊತ್ತು ಬೇಕಾಗಲಿಲ್ಲ.

ನನಗೆ ಈ ವಿದ್ಯೆಯ ಜಂಭ ಮೊದಲಿನಿಂದಲೂ ಇತ್ತು. ಫಾರೆಸ್ಟ್ ಗಾರ್ಡ್ ಆಗಿ ಸೇರಿದಾಗ ಹುಲಿ ಎಣಿಸುತ್ತಿದ್ದದ್ದೇ ಹೆಜ್ಜೆ ನೋಡಿ. ಹೆಜ್ಜೆಯ ಮೇಲೆ ಗಾಜು ಇಟ್ಟು ಸ್ಕೆಚ್ ಪೆನ್ನಿನಲ್ಲಿ ಅಂಚು ಎಳೆಯುತ್ತಿದ್ದೆವು. ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸಿ ಅಚ್ಚು ತೆಗೆಯುತ್ತಿದ್ದೆವು. ಹಿಂಗಾಲು ಚೌಕವಾಗಿದ್ದರೆ ಗಂಡು, ಉದ್ದಕ್ಕಿದ್ದರೆ ಹೆಣ್ಣು. 1972ರಲ್ಲಿ ದೇಶದಲ್ಲಿ 1,827 ಹುಲಿ ಅಂತ ಲೆಕ್ಕ ಬಂದದ್ದೂ ಹೆಜ್ಜೆ ನೋಡಿಯೇ. ನಾನು ಗಸ್ತು ತಿರುಗುವ ಬೀಟಿನಲ್ಲಿ ಮೂರು ಹುಲಿ ಅಂತ ನಾನು ಆಣೆ ಮಾಡಿ ಹೇಳುತ್ತಿದ್ದೆ. ಆಮೇಲೆ ತಿಳಿದವರು ತೋರಿಸಿಕೊಟ್ಟರು, ಒಂದೇ ಹುಲಿಯ ಕಾಲು ಮರಳಿನಲ್ಲಿ ಒಂಥರಾ, ಕೆಸರಿನಲ್ಲಿ ಇನ್ನೊಂಥರಾ ಕಾಣುತ್ತದೆ ಅಂತ. 2006ರ ಎಣಿಕೆಯಿಂದ ಹೆಜ್ಜೆ ಲೆಕ್ಕ ಬಿಟ್ಟು, ಪ್ರಾಣಿ ಹಾದಾಗ ತಾನೇ ಫೋಟೋ ತೆಗೆಯುವ ಕ್ಯಾಮೆರಾ ಟ್ರ್ಯಾಪಿನಲ್ಲಿ ಪಟ್ಟೆ ನೋಡಿ ಗುರುತು ಹಿಡಿಯುವುದು ಬಂತು. ನನ್ನ ಮೂರು ಹುಲಿಗಳು ನಿಜಕ್ಕೂ ಎಷ್ಟಿದ್ದವೋ. 2022ರ ಲೆಕ್ಕದಲ್ಲಿ ನಮ್ಮ ರಾಜ್ಯಕ್ಕೆ 563 ಬಂದಾಗ ನಾನೇ ಸಾಕಿದವನ ಥರ ಕಾಫಿ ಅಂಗಡಿಯಲ್ಲಿ ಎಲ್ಲರಿಗೂ ಹೇಳಿದೆ. ಈಗ ಆ ಕ್ಯಾಮೆರಾ ಕಟ್ಟುವವಳು ನನ್ನ ಮಗಳು. ಇದನ್ನೂ ಅದೇ ಅಂಗಡಿಯಲ್ಲಿ ಹೇಳಿದ್ದೇನೆ. ನಿನ್ನೆದುರು ಹೇಳಲಿಲ್ಲ ಅಷ್ಟೇ.

ಆದರೆ ನಾನು ಪೆನ್ನು ಹಿಡಿದದ್ದು ಇದಕ್ಕಲ್ಲ. ಆನೆ ಲದ್ದಿಯ ವಿಷಯಕ್ಕೆ.

ನಿನಗಾಗ ಎಂಟು ವರ್ಷ. ಆಗಸ್ಟ್ 15. ಬಾವುಟ ಹಾರಿಸಿ, ಲಾಡು ತಿಂದು, ಶಾಲೆಯಿಂದ ಕ್ವಾರ್ಟರ್ಸಿಗೆ ಬಿದಿರುಮೆಳೆಯ ಒಳದಾರಿಯಲ್ಲಿ ಬರುತ್ತಿದ್ದೆವು. ರಸ್ತೆ ಹಿಡಿದಿದ್ದರೆ ಇಪ್ಪತ್ತು ನಿಮಿಷ ಜಾಸ್ತಿ ಆಗುತ್ತಿತ್ತು. ಮಳೆ ಆಗತಾನೆ ಬಿಟ್ಟಿತ್ತು. ಆಮೇಲಿನದನ್ನು ನೆಂಟರಿಗೆಲ್ಲ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಒಂಟಿ ಸಲಗ ಅಟ್ಟಿಸಿಕೊಂಡು ಬಂತು, ಮಗಳನ್ನು ಕಂಕುಳಲ್ಲಿ ಇರುಕಿಕೊಂಡು ಓಡಿದೆ ಅಂತ. ನಿನಗೂ ಅದೇ ಕಥೆ ನೆನಪಿರಬಹುದು. ಅದರ ಮೊದಲಿನ ಒಂದು ನಿಮಿಷವನ್ನು ನಾನು ಯಾರಿಗೂ ಹೇಳಿಲ್ಲ.

ದಾರಿ ನಡುವೆ ಐದಾರು ಉಂಡೆ ಲದ್ದಿ ಬಿದ್ದಿತ್ತು. ಮೇಲಿನ ಬಿದಿರಿನಿಂದ ನೀರು ತೊಟ್ಟಿಕ್ಕಿ ತೊಳೆದ ಹಾಗಾಗಿತ್ತು. ನಾನು ಬೂಟಿನ ತುದಿಯಲ್ಲಿ ಒಂದು ಉಂಡೆ ಒದ್ದೆ. ಅದು ಒಡೆಯಿತು. "ನಿನ್ನೆ ರಾತ್ರಿಯದು, ಬಾ" ಅಂದೆ. ನೀನು ಬರಲಿಲ್ಲ. ಬಗ್ಗಿ ನೋಡುತ್ತಾ ನಿಂತೆ. ನಿನ್ನ ಫ್ರಾಕಿಗೆ ಚುಚ್ಚಿದ್ದ ಪೇಪರ್ ಬಾವುಟ ಒದ್ದೆಯಾಗಿ ಮಡಚಿಕೊಂಡಿತ್ತು.

"ಅಪ್ಪಾ, ಹೊಗೆ ಬರ್ತಿದೆ" ಅಂದೆ.

"ಮಳೆ ನಿಂತ ಮೇಲೆ ನೆಲದಿಂದೆಲ್ಲ ಹೊಗೆ ಬರುತ್ತೆ. ಸುಮ್ನೆ ನಡಿ" ಅಂದೆ ನಾನು.

ಮುಂದೆ ನಲವತ್ತು ಹೆಜ್ಜೆಯೂ ಇರಲಿಲ್ಲ. ತಿರುವಿನಲ್ಲಿ ಬಂಡೆ ಅಂದುಕೊಂಡದ್ದು ಕಿವಿ ಬೀಸಿತು. ಅಟ್ಟಿಸಿಕೊಂಡು ಬಂತು ಅನ್ನುವುದೂ ನಾನು ಸೇರಿಸಿದ ಮಸಾಲೆ. ನಾಲ್ಕು ಹೆಜ್ಜೆ ಬಂತು, ಕಿವಿ ಅಗಲಿಸಿತು, ನಿಂತಿತು. ಅದು ಬೇಡ ಅಂದುಕೊಂಡದ್ದರಿಂದ ನಾವು ಮನೆಗೆ ಬಂದೆವು. ಸಂಜೆ ವಾಚರ್ ಅಜ್ಜನ ಜೊತೆ ಹೋಗಿ ಆನೆಯ ಮುಂಗಾಲಿನ ಹೆಜ್ಜೆಯ ಸುತ್ತಳತೆ ದಾರದಲ್ಲಿ ಹಿಡಿದೆ. 1 ಮೀಟರ್ 30. ಅದರ ಎರಡರಷ್ಟು, ಹೆಚ್ಚುಕಮ್ಮಿ ಹೆಗಲಿನ ಎತ್ತರ. ಅಜ್ಜ ಒಡೆದ ಉಂಡೆ ನೋಡಿ, "ಕೈ ಹಾಕಿ ನೋಡಿದ್ರಾ ಸಾರ್?" ಅಂತ ಕೇಳಿದ. ನಾನು ದಾರ ಸುತ್ತುವುದರಲ್ಲಿದ್ದೆ.

ಕೈ ಹಾಕಿರಲಿಲ್ಲ. ಬಾವುಟದ ದಿನ ಅಂತ ಇಸ್ತ್ರಿ ಮಾಡಿದ ಖಾಕಿ ಹಾಕಿದ್ದೆ.

ಲದ್ದಿಯ ಹೊರಮೈ ಯಾವತ್ತೂ ನಂಬಬೇಡ. ಮಳೆಗೆ ಹೊಸದು ಹಳೆಯದಾಗಿ ಕಾಣುತ್ತದೆ, ಹಳೆಯದು ಹೊಸದಾಗಿ ಕಾಣುತ್ತದೆ. ಒಡೆದು ಒಳಗೆ ಕೈಯಿಡು. ಬಿಸಿ ಇದ್ದರೆ ಹಿಂದಕ್ಕೆ ತಿರುಗು, ವಾದ ಬೇಡ. ಹೆಜ್ಜೆಯೊಳಗೆ ನಿಂತ ನೀರು ಕದಡಿದ್ದರೆ ಈಗಷ್ಟೇ ಹೋಗಿದೆ. ಆವತ್ತೂ ಕದಡಿತ್ತು. ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ. ಹೆಜ್ಜೆಯ ಒಳಗೆ ಮಳೆಹನಿಯ ಗುಳಿ ಇದ್ದರೆ ಮಳೆಗೆ ಮೊದಲು ಹೋದದ್ದು. ಹನಿಯ ಗುಳಿಯ ಮೇಲೆ ಹೆಜ್ಜೆ ಕೂತಿದ್ದರೆ ಮಳೆಯ ನಂತರದ್ದು. ಅಂಚು ಚೂಪಾಗಿದೆಯೋ ಕುಸಿದಿದೆಯೋ ನೋಡು. ಅಡ್ಡಲಾಗಿ ಜೇಡ ಬಲೆ ಕಟ್ಟಿದ್ದರೆ ನೆಮ್ಮದಿಯಾಗಿ ನಡಿ. ಯಾವ ಪ್ರಾಣಿ ಅಂತ ಗುರುತು ಹಿಡಿಯುವುದು ಒಂದೆರಡು ವರ್ಷದಲ್ಲಿ ಬರುತ್ತದೆ. ಹಂದಿಯ ಗೊರಸಿನ ಹಿಂದೆ ಎರಡು ಚುಕ್ಕೆ, ಕಡವೆಯದು ಜಿಂಕೆಯದಕ್ಕಿಂತ ದೊಡ್ಡದು, ಇದನ್ನೆಲ್ಲ ನೀನು ಆಗಲೇ ಬಲ್ಲೆ. ಎಷ್ಟು ಹೊತ್ತಿಗೆ ಹೋಯಿತು ಅನ್ನುವುದು ನನಗೆ ಮೂವತ್ತು ವರ್ಷವಾದರೂ ಪೂರ್ತಿ ಬರಲಿಲ್ಲ.

ಕರಡಿಯ ವಿಷಯ. ನಿನ್ನ ಬೆಟ್ಟದಲ್ಲಿ ಕರಡಿ ಇದೆ. ಹಿಂಗಾಲಿನ ಗುರುತು ಬರಿಗಾಲ ಮನುಷ್ಯನದೇ ಅನ್ನಿಸುತ್ತದೆ. ಮುಂಗಾಲಿನಲ್ಲಿ ಬೆರಳಿನಿಂದ ದೂರಕ್ಕೆ ಉದ್ದುದ್ದ ಉಗುರಿನ ಗುರುತು ಇರುತ್ತದೆ. ಬಗೆದ ಹುತ್ತ, ಕಕ್ಕೆ ಬೀಜ ತುಂಬಿದ ಹಿಕ್ಕೆ ಕಂಡರೆ ಲಂಟಾನದ ಪೊದೆಗೆ ನುಗ್ಗಬೇಡ. ಮಾತಾಡಿಕೊಂಡು ಹೋಗಿ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ನೋಡು. ಫೋನ್ ನೋಡುತ್ತಾ ನಡೆಯಬೇಡ, ಫೋಟೋ ಬೇಕಾದರೆ ನಿಂತು ತೆಗಿ, ಪಕ್ಕದಲ್ಲಿ ಪಟ್ಟಿ ಇಟ್ಟು ತೆಗಿ. ಇರುಳಿನಲ್ಲಿ ಕ್ಯಾಂಪಿನಿಂದ ಒಬ್ಬಳೇ...

ನೋಡು, ಶುರುವಾಯಿತು. ಅಮ್ಮ ಹಿಂದಿನಿಂದ ಓದಿ, "ಕ್ಷಮೆ ಕೇಳೋಕೆ ಕೂತವರು ಸುತ್ತೋಲೆ ಬರೀತಿದ್ದೀರಿ" ಅಂದಳು.

ನಿಮ್ಮ ಜೊತೆ ಸೋಲಿಗರ ಹಿರಿಯರು ಬರುತ್ತಾರೆ ಅಂದಿದ್ದೆ. ಅವರು ನಿಂತರೆ ನೀನೂ ನಿಲ್ಲು. ಯಾಕೆ ಅಂತ ಆಮೇಲೆ ಕೇಳು. ಆದರೆ ನಿನಗೇ ಏನಾದರೂ ಕಂಡರೆ, ಅವರಿಗೆ ಕಾಣದೇ ಹೋದರೆ, ಹೇಳಿಬಿಡು. ಒಬ್ಬರು ಸುಮ್ನಿರು ಅಂದರೆ ಇನ್ನೊಂದು ಸಲ ಹೇಳು. ನೀನು ಆವತ್ತು ಇನ್ನೊಂದು ಸಲ ಹೇಳಲಿಲ್ಲ. ನಾನು ಬೈದ ದನಿ ಹಾಗಿತ್ತು. ಭಾನುವಾರದ್ದೂ ಅದೇ ದನಿ. ತಟ್ಟೆ ಬಿಟ್ಟು ಎದ್ದವಳ ಮುಖ ನೋಡಿದಾಗ ನನಗೆ ಕಂಡದ್ದು ಬಾವುಟ ಚುಚ್ಚಿಕೊಂಡಿದ್ದ ಆ ಹುಡುಗಿಯೇ. ಅದಕ್ಕೇ ನಿದ್ದೆ ಬರಲಿಲ್ಲ, ಅದಕ್ಕೇ ಎದ್ದು ಬಾಗಿಲಿಗೆ ಬರಲಿಲ್ಲ. ತಪ್ಪು ನನ್ನದು, ಎರಡು ಸಲವೂ.

ಆ ಒಂದು ನಿಮಿಷ ಈಗಲೂ ಕನಸಿನಲ್ಲಿ ಬರುತ್ತದೆ. ಕನಸಿನಲ್ಲಿ ಆನೆ ಬರುವುದಿಲ್ಲ. ಒಡೆದ ಉಂಡೆ ಮಾತ್ರ, ಅದರಿಂದ ತೆಳ್ಳಗೆ ಏಳುವ ಹೊಗೆ. ನಾನು ನೋಡುತ್ತಿರುತ್ತೇನೆ. ಮುಂದಕ್ಕೇ ನಡೆಯುತ್ತೇನೆ.

ಅಮ್ಮ ಚಟ್ನಿಪುಡಿ ಡಬ್ಬಿಯ ಬಗ್ಗೆ ಕೇಳುತ್ತಿದ್ದಾಳೆ, ಇರುವೆ ಹತ್ತದ ಕಡೆ ಇಡಬೇಕಂತೆ. ಕವರಿನಲ್ಲಿ ನನ್ನ ಸ್ಟೀಲ್ ಪಟ್ಟಿ ಇಟ್ಟಿದ್ದೇನೆ. ಮೊದಲ ಎರಡು ಸೆಂಟಿಮೀಟರಿನ ಅಂಕಿ ಪೂರ್ತಿ ಸವೆದಿದೆ. 3ರಿಂದ ಶುರುಮಾಡಿ ಅಳೆ, ಆಮೇಲೆ 3 ಕಳಿ. ಮರೆತರೆ ಪ್ರತಿ ಚಿರತೆಯೂ ಹುಲಿಯಾಗಿಬಿಡುತ್ತದೆ.

ಅಪ್ಪ