ಈ ಬೇಸಿಗೆ ನಿಮ್ಮ ಬ್ಯಾಗಲ್ಲಿ ಟೊಮೆಟೊ ಇರಲ್ಲ, ಯಾಕೆ ಅಂತ ದಯವಿಟ್ಟು ಓದಿ

ಎಲ್ಲ ಗ್ರಾಹಕರಿಗೂ ನಮಸ್ಕಾರ,

ನೇರವಾಗಿ ವಿಷಯಕ್ಕೆ ಬರ್ತೀವಿ. ಫೆಬ್ರವರಿಯಿಂದ ಮುಂಗಾರು ಹಿಡಿಯೋವರೆಗೂ ನಮ್ಮ ಸಂಘ ನಿಮಗೆ ಕಳಿಸೋ ವಾರದ ತರಕಾರಿ ಬ್ಯಾಗಲ್ಲಿ ಟೊಮೆಟೊ, ಎಲೆಕೋಸು, ಹೂಕೋಸು, ಬೀಟ್ರೂಟ್ ಇರಲ್ಲ. ಕಡಿಮೆ ಇರುತ್ತೆ ಅಂತಲ್ಲ, ಇರೋದೇ ಇಲ್ಲ. ಮಾರ್ಕೆಟ್ಟಿಂದ ತಂದು ತುಂಬೋದೂ ಇಲ್ಲ, ಅದೂ ಇನ್ಯಾವುದೋ ಊರಿನ ಬೋರ್ ನೀರಲ್ಲೇ ಬೆಳೆದಿರೋದು ತಾನೇ.

ಇದು ಸಂಘದ ಆಫೀಸಲ್ಲಿ ಕೂತು ಮಾಡಿದ ತೀರ್ಮಾನ ಅಲ್ಲ, ಊರಿನ ಗ್ರಾಮಸಭೆದು. ನಮ್ದು ಚಿಕ್ಕಬಳ್ಳಾಪುರ ಜಿಲ್ಲೆ ಅಂತ ನಿಮಗೆ ಗೊತ್ತು, ವರ್ಷಪೂರ್ತಿ ಹರಿಯೋ ಹೊಳೆ ಒಂದೂ ಇಲ್ಲ, ಬೆಂಗಳೂರಿನ ಹೆಬ್ಬಾಳ-ನಾಗವಾರ ಕಡೆಯಿಂದ ಸಂಸ್ಕರಿಸಿದ ಕೊಳಚೆ ನೀರು ಬರೋ ಕೆರೆಗಳ ಕಥೆ ಬೇರೆ, ನಮ್ಮ ಕೆರೆಗೆ ಮಳೆ ಒಂದೇ ಗತಿ. ಕೆಳಗಿರೋದು ಗಟ್ಟಿ ಬಂಡೆ, ನೀರು ನಿಲ್ಲೋದು ಮೇಲಿನ ಪದರದಲ್ಲಿ ಮತ್ತೆ ಬಿರುಕುಗಳಲ್ಲಿ ಅಷ್ಟೇ. ಅದು ಖಾಲಿಯಾಗಿ ಈಗ 1000 ಅಡಿ ದಾಟಿ ಕೊರೆಸ್ತಿದಾರೆ, ಅಲ್ಲಿ ಸಿಗೋದು ಹಳೇ ನೀರು, ಈ ವರ್ಷದ ಮಳೆ ಅಷ್ಟು ಆಳಕ್ಕೆ ಬೇಗ ಇಳಿಯಲ್ಲ, ಜೊತೆಗೆ ಹಲ್ಲು, ಮೂಳೆ ಕೆಡಿಸೋ ಫ್ಲೋರೈಡ್. ಕುಡಿಯೋ ನೀರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅಂತಾರೆ, ಈ ಭಾಗದಲ್ಲಿ ಎಷ್ಟೋ ಬೋರುಗಳು ಅದನ್ನ ದಾಟಿವೆ.

ಅಂತರ್ಜಲ ಉಳಿಸೋಕೆ ಅಂತ ಕೇಂದ್ರ ಸರ್ಕಾರದ ಅಟಲ್ ಭೂಜಲ ಯೋಜನೆ 2019ರ ಡಿಸೆಂಬರಲ್ಲಿ ಶುರುವಾಯ್ತಲ್ಲ, ಕರ್ನಾಟಕದ 14 ಜಿಲ್ಲೆಯಲ್ಲಿ ನಮ್ದೂ ಒಂದು. ಮಳೆ ಎಷ್ಟು ಬಂತು, ಎಷ್ಟು ಇಂಗಿತು, ಎಷ್ಟು ಎತ್ತಿದೀವಿ ಅಂತ ಪಂಚಾಯ್ತಿ ಮಟ್ಟದಲ್ಲಿ ಊರವರೇ ಲೆಕ್ಕ ಹಾಕೋದನ್ನ ಅಲ್ಲಿಂದಾನೇ ಕಲಿತಿದ್ದು. ಟೇಪಿನ ತುದೀಲಿ ಒಂದು ಸಣ್ಣ ಪ್ರೋಬ್ ಇರುತ್ತೆ, ಬೋರೊಳಗೆ ಬಿಡ್ತಾ ಹೋದ್ರೆ ನೀರು ಮುಟ್ಟಿದ ತಕ್ಷಣ ಕೀಂ ಅನ್ನುತ್ತೆ, ಅಲ್ಲಿಗೆ ಟೇಪ್ ಓದಿ ಪಂಚಾಯ್ತಿ ಗೋಡೆ ಮೇಲೆ ಬರೀತೀವಿ. ಮೊದಲು ಯಾರ ಬೋರಲ್ಲಿ ಎಷ್ಟಿದೆ ಅನ್ನೋದು ಮನೆ ಗುಟ್ಟು, ಈಗ ಎಲ್ಲರಿಗೂ ಕಾಣುತ್ತೆ. ಊರಲ್ಲಿ ಮಾತು ಬದಲಾಗಿದ್ದೇ ಈ ಗೋಡೆಯಿಂದ ಅಂತ ನಮಗನ್ಸುತ್ತೆ.

ಲೆಕ್ಕ ಸಿಂಪಲ್. ಒಂದು ಎಕರೆ ಮೇಲೆ 1 ಮಿಲಿಮೀಟರ್ ನೀರು ಅಂದ್ರೆ ಸುಮಾರು 4000 ಲೀಟರ್. ಟೊಮೆಟೊ ಬೆಳೆ ಮುಗಿಯೋಷ್ಟರಲ್ಲಿ 500 ಮಿಲಿಮೀಟರ್ ಹತ್ತಿರ ಬೇಕು, ಅಂದ್ರೆ ಎಕರೆಗೆ 20 ಲಕ್ಷ ಲೀಟರ್, ಬೇಸಿಗೇಲಿ ಅಷ್ಟೂ ಬೋರಿಂದಾನೇ ಬರಬೇಕು. ಬಿದ್ದ ಮಳೆಯಲ್ಲಿ ಈ ಬಂಡೆ ನೆಲದೊಳಗೆ ಇಳಿಯೋದು ಹತ್ತರಲ್ಲಿ ಒಂದು ಪಾಲು ಆದ್ರೆ ದೊಡ್ಡದು. ಡ್ರಿಪ್ (ಹನಿ ನೀರಾವರಿ) ಹಾಕಿದ್ರೆ ನೀರು ಉಳಿಯಲ್ವಾ ಅಂತ ತುಂಬ ಜನ ಕೇಳ್ತೀರ, ಹಾಕಿದೀವಿ, ಆದ್ರೆ ಉಳಿದ ನೀರಲ್ಲಿ ಇನ್ನೊಂದು ಎಕರೆ ನಾಟಿ ಮಾಡಿದ್ರೆ ಕೆಳಗೆ ಉಳಿದಿದ್ದೇನು.

ಸಭೆ ಸುಲಭವಾಗಿ ಮುಗೀಲಿಲ್ಲ. ಸಾಲ ಮಾಡಿ ಬೋರ್ ಹಾಕ್ಸಿದವರು ಟೊಮೆಟೊ ಬಿಟ್ರೆ ಕಂತು ಹೇಗೆ ಕಟ್ಟೋದು ಅಂದ್ರು, ಅದು ನ್ಯಾಯವಾದ ಮಾತೇ. ಆಗ ಹಿಂದೆ ಕೂತಿದ್ದ ಸ್ವಸಹಾಯ ಸಂಘದ ಹೆಣ್ಮಗಳೊಬ್ರು ಎದ್ದು "ನಿಮ್ಮ ತೋಟಕ್ಕೆ ಬರೋ ನೀರು ನಮ್ಮ ನಲ್ಲೀಲಿ ಯಾಕೆ ಬರ್ತಿಲ್ಲ, ಕೆಳಗೆ ಬೇರೆ ಬೇರೆ ನೀರಿದ್ಯಾ" ಅಂದ್ರು. ಯಾರ ಹತ್ರಾನೂ ಉತ್ತರ ಇರ್ಲಿಲ್ಲ. ಮಹಾರಾಷ್ಟ್ರದ ಹಿವರೆ ಬಜಾರ್ ವಿಷಯಾನೂ ಬಂತು, ನಮಗಿಂತ ಕಡಿಮೆ ಮಳೆ ಬೀಳೋ ಊರು, ಕೃಷಿಗೆ ಬೋರ್ ಕೊರೆಸಂಗಿಲ್ಲ, ಕಬ್ಬು ಬಾಳೆ ಹಾಕಂಗಿಲ್ಲ, ಆ ವರ್ಷದ ಮಳೆ ನೋಡ್ಕೊಂಡೇ ಬೆಳೆ. ಕೊನೆಗೆ ಬೇಸಿಗೆ ತರಕಾರಿ ಬಂದ್, ಕುಡಿಯೋ ನೀರು ಮೊದಲು ಅಂತ ಒಪ್ಪಿದ್ರು, ಪೂರ್ತಿ ಮನಸ್ಸಿಂದ ಅಲ್ಲದಿದ್ರೂ ಒಪ್ಪಿದ್ರು.

ಈಗ ನಿಮ್ಮ ಪಾತ್ರ ಬರುತ್ತೆ, ಯಾಕಂದ್ರೆ ಬೇರೆ ಬೆಳೆಗೆ ಬೆಲೆ ಸಿಗ್ಲಿಲ್ಲ ಅಂದ್ರೆ ಮುಂದಿನ ವರ್ಷ ರೈತರು ಖಂಡಿತ ಟೊಮೆಟೊಗೇ ಹೋಗ್ತಾರೆ, ಅವರನ್ನ ದೂರೋಕಾಗಲ್ಲ. ಬ್ಯಾಗಲ್ಲಿ ಇನ್ಮೇಲೆ ರಾಗಿ ಹಿಟ್ಟು, ಒಣ ಅವರೆ, ಹುರುಳಿ, ಅಲಸಂದೆ, ತೊಗರಿಬೇಳೆ, ಹುಚ್ಚೆಳ್ಳು, ಕಡ್ಲೇಕಾಯಿ, ಸಿಹಿಗುಂಬಳ, ಹೊಸ ಹುಣಸೆಹಣ್ಣು, ಮಾರ್ಚಿಂದ ನುಗ್ಗೆಕಾಯಿ, ಮೇನಲ್ಲಿ ಮಾವು. ಮಳೇಲೇ ಆಗಿದ್ದು, ಇಲ್ಲಾಂದ್ರೆ ಮರದ್ದು. ಸೊಪ್ಪು ಮನೆ ಹಿತ್ತಲಲ್ಲಿ ಆದಷ್ಟು ಮಾತ್ರ, ಪ್ರತಿ ವಾರ ಅಂತ ಭರವಸೆ ಕೊಡಲ್ಲ. ಹುರುಳಿ ಬಸ್ಸಾರು, ಹುಚ್ಚೆಳ್ಳು ಚಟ್ನಿ ಮಾಡೋ ವಿಧಾನ ಬೇಕಿದ್ರೆ ಕೇಳಿ, ನಮ್ಮ ಹೆಂಗಸರು ವಾಯ್ಸ್ ಮೆಸೇಜಲ್ಲೇ ಹೇಳ್ತಾರೆ.

ಬ್ಯಾಗಿನ ರೇಟು 20 ರೂಪಾಯಿ ಜಾಸ್ತಿ ಆಗುತ್ತೆ. ಆ 20 ರೂಪಾಯಿ ಸಂಘಕ್ಕಲ್ಲ, ಕೆರೆ ಸಮಿತಿಗೆ. ಕೆರೆಗೆ ನೀರು ತರೋ ಕಾಲುವೆ ಲಂಟಾನ ಬೆಳೆದು ಮುಚ್ಚಿ ಹೋಗಿದೆ, ತೂಬು ರಿಪೇರಿ ಆಗ್ಬೇಕು, ಹೂಳು ತೆಗೆದು ರೈತರ ಹೊಲಕ್ಕೆ ಹೊಡೀಬೇಕು, ಇದೆಲ್ಲ ಮಳೆಗೆ ಮುಂಚೆ ಮುಗೀಬೇಕು. ಖರ್ಚಿನ ಪಟ್ಟಿ ಪ್ರತಿ ತಿಂಗಳು ಗ್ರೂಪಿಗೆ ಹಾಕ್ತೀವಿ.

ಮುಂಗಡ ಕಟ್ಟಿದವರಿಗೆ ಈ ಬದಲಾವಣೆ ಬೇಡ ಅನ್ಸಿದ್ರೆ ಉಳಿದ ದುಡ್ಡು ವಾಪಸ್ ಕೊಡ್ತೀವಿ, ಜನವರಿ 25ರೊಳಗೆ ಇದೇ ನಂಬರಿಗೆ ಒಂದು ಮೆಸೇಜ್ ಹಾಕಿ. ಏನೂ ಹೇಳದಿದ್ರೆ ಮುಂದುವರಿಸ್ತೀರ ಅಂತ ತಿಳ್ಕೋತೀವಿ. ಡೆಲಿವರಿ ಎಂದಿನಂತೆ ಶನಿವಾರ ಬೆಳಿಗ್ಗೆ.

ಇಂತಿ,
ಸಂಘದ ಎಲ್ಲ ಸದಸ್ಯರ ಪರವಾಗಿ